ಬಿದ್ದ ಮರ ಎದ್ದಿತು. ದೇವರ ಮನೆಯ ಕರೆಂಟ್ ಬಿಲ್ಲು ಇಳಿಯುವುದು ಎಂದು?

ಸವಣೂರು: ಇಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದು "ದೊಡ್ಡಹುಣಸಿ ಮಠ ಎಲ್ಲೈತ್ರಿ?" ಎಂದು ಕೇಳಿದರೆ ಸಣ್ಣ ಹುಡುಗನೂ ಕೈ ಮಾಡಿ ತೋರಿಸುತ್ತಾನೆ. ಕಲ್ಮಠದ ಆವರಣದಲ್ಲಿ ಆನೆಯ ಮೈಯಂಥ ಮೂರು ಮರಗಳು. ಹೆಸರಿಗೆ ಹುಣಸೆ, ನಿಜದಲ್ಲಿ ಹುಣಸೆಯಲ್ಲ. ಆಫ್ರಿಕಾ ಮೂಲದ ಬಾವೋಬಾಬ್. ಕಾಂಡದೊಳಗೇ ನೀರು ತುಂಬಿಟ್ಟುಕೊಂಡು ಬರಗಾಲ ಕಳೆಯುವ ಜಾತಿ. ನವಾಬರು ಹೋದರು, ಬ್ರಿಟಿಷರು ಹೋದರು, ಮರಗಳು ಕದಲಲಿಲ್ಲ.

2023ರ ಜುಲೈನಲ್ಲಿ ಒಂದು ಕದಲಿತು. ಬೇರು ಸಮೇತ ನೆಲಕ್ಕೆ ಉರುಳಿತು. ರಸ್ತೆ ಬದಿಯ ಮರವಾಗಿದ್ದರೆ ಮರುದಿನವೇ ಗರಗಸ ಬರುತ್ತಿತ್ತು, ಸೌದೆ ಅಡ್ಡೆಯವರು ದರ ಕೇಳುತ್ತಿದ್ದರು. ಇದು ಮಠದ ಮರ. ಸೌದೆಯ ಬದಲು ಕ್ರೇನು, ಜೆಸಿಬಿ ಬಂದವು. ಜಿಲ್ಲಾ ಆಡಳಿತ, ಅರಣ್ಯ ಇಲಾಖೆ, ಪರಿಸರಪ್ರಿಯರು ಕೂಡಿ ಆ ಮುದಿ ಮರವನ್ನು ಎತ್ತಿ ಮತ್ತೆ ನೆಟ್ಟರು. ಭಕ್ತಿ ಇದ್ದ ಕಡೆ ಎಂಥ ಭಾರವೂ ಏಳುತ್ತದೆ ಎಂಬುದಕ್ಕೆ ಸವಣೂರು ಸಾಕ್ಷಿ.

ಹಾಗಾದರೆ ಇನ್ನೊಂದು ಭಾರವನ್ನೂ ಎತ್ತಬಹುದಲ್ಲ?

ಒಂದು ವರ್ಷ ನೆರೆ, ಒಂದು ವರ್ಷ ಬರ

2019ರ ಆಗಸ್ಟಿನಲ್ಲಿ ವರದಾ ನದಿ ಉಕ್ಕಿ ಹಾನಗಲ್ಲ, ಸವಣೂರು ಸೀಮೆಯ ಹೊಲಗಳಿಗೆ ನುಗ್ಗಿತ್ತು. ನಾಲ್ಕೇ ವರ್ಷಕ್ಕೆ, 2023ರಲ್ಲಿ, ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರಕಾರ ಬರಪೀಡಿತ ಎಂದು ಸಾರಿತು. ಮಳೆ ಬಂದರೆ ಅತಿ, ಬರದಿದ್ದರೆ ಪೂರಾ ಇಲ್ಲ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲಿನ ಹೊಗೆ ಭೂಮಿಗೆ ಕಂಬಳಿ ಹೊದಿಸಿದಂತೆ ಕಾವು ಏರಿಸುತ್ತಿದೆ, ಅದರಿಂದ ಮಳೆಯ ಲಯ ತಪ್ಪುತ್ತಿದೆ ಎನ್ನುತ್ತಾರೆ ವಿಜ್ಞಾನಿಗಳು. ಮಳೆ ತಪ್ಪಿದರೆ ಮೊದಲು ಖಾಲಿಯಾಗುವುದು ರೈತನ ಕಣಜ. ಎರಡನೆಯದು ಪೇಟೆ ಅಂಗಡಿಯ ಗಲ್ಲಾಪೆಟ್ಟಿಗೆ. ಮೂರನೆಯದು ದೇವರ ಹುಂಡಿ.

ಮಳೆಗಾಗಿ ಗುಡಿಯಲ್ಲಿ ಜಲಾಭಿಷೇಕ, ಮಸೀದಿಯಲ್ಲಿ ವಿಶೇಷ ನಮಾಜು, ಚರ್ಚಿನಲ್ಲಿ ಪ್ರಾರ್ಥನೆ ನಡೆಯುತ್ತವೆ. ಒಳ್ಳೆಯದೇ. ಆದರೆ ಪ್ರಾರ್ಥನೆ ಮುಗಿದ ಮೇಲೆ ಅಂಗಳದ ದೀಪ ಯಾರು ಆರಿಸಬೇಕು?

ಜಾತ್ರೆ ರಾತ್ರಿಯ ಲೆಕ್ಕ

ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕಿಲ್ಲ. ಜಾತ್ರೆ ಬಂತೆಂದರೆ ಕಮಿಟಿಯವರು ಪಟ್ಟಿ ಹಿಡಿದು ಬರುತ್ತಾರೆ. ಪಾವತಿ ಹರಿದು ಕೊಡುತ್ತಾರೆ. ಆ ಹಣದಲ್ಲಿ ಎಷ್ಟು ಪಾಲು ಬೆಳಕಾಗಿ ಉರಿದುಹೋಗುತ್ತದೆ?

500 ವ್ಯಾಟಿನ ಹತ್ತು ಹಾಲೋಜನ್ ದೀಪ ಆರು ತಾಸು ಉರಿದರೆ 30 ಯುನಿಟ್. ಅದೇ ಜಾಗಕ್ಕೆ 100 ವ್ಯಾಟಿನ ಎಲ್‌ಇಡಿ ಹಾಕಿದರೆ 6 ಯುನಿಟ್. ಒಂದು ರಾತ್ರಿಗೆ 24 ಯುನಿಟ್ ಉಳಿತಾಯ. ಐದು ದಿನದ ಜಾತ್ರೆಗೆ 120 ಯುನಿಟ್. ಸಣ್ಣ ಮನೆಯೊಂದು ಇಷ್ಟರಲ್ಲಿ ಎರಡು ತಿಂಗಳು ನಡೆದೀತು. ರಾಯಚೂರು, ಬಳ್ಳಾರಿಯ ಶಾಖೋತ್ಪನ್ನ ಕೇಂದ್ರಗಳಂಥಲ್ಲಿ ಒಂದು ಯುನಿಟ್ ಕರೆಂಟಿಗೆ ಅರ್ಧ ಕಿಲೋಗಿಂತ ಹೆಚ್ಚು ಕಲ್ಲಿದ್ದಲು ಸುಡಬೇಕು. ಅಂದರೆ ಆ ಐದು ರಾತ್ರಿಗೆ 60 ಕಿಲೋಗೂ ಮಿಕ್ಕಿ ಕಲ್ಲಿದ್ದಲು ಉಳಿಯಿತು. ದೇವರ ಮುಖದ ಮೇಲಿನ ಬೆಳಕು ಒಂದಿಷ್ಟೂ ಕಡಿಮೆಯಾಗಲಿಲ್ಲ!

ಇನ್ನು ಸೂರ್ಯನ ಕರೆಂಟು. ಬಿಸಿಲಿದ್ದ ದಿನ ಒಂದು ಕಿಲೋವ್ಯಾಟಿನ ಫಲಕ ಸುಮಾರು ನಾಲ್ಕು ಯುನಿಟ್ ಕೊಡುತ್ತದೆ. ಹಾಗಂತ ಹಾನಗಲ್ಲಿನ ತಾರಕೇಶ್ವರ ಗುಡಿಯ ನೆತ್ತಿಗೆ ಫಲಕ ಬಡಿಯಲು ಬರುವುದಿಲ್ಲ. ಅದು ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. ಆದರೆ ಊರೂರಲ್ಲಿ ಗುಡಿ-ಮಠಗಳ ಮಗ್ಗುಲಲ್ಲಿ ಕಲ್ಯಾಣಮಂಟಪ, ಪ್ರಸಾದ ನಿಲಯ ಎದ್ದಿವೆಯಲ್ಲ, ಅವುಗಳ ಆರ್‌ಸಿಸಿ ಮಾಳಿಗೆ ಬಿಸಿಲಿಗೆ ಬರಿದೇ ಕಾಯುತ್ತ ಬಿದ್ದಿರುತ್ತದೆ. ಜಾಗಕ್ಕೆ ಬಾಡಿಗೆಯಿಲ್ಲ, ಬಿಸಿಲಿಗೆ ಬಿಲ್ಲಿಲ್ಲ.

ದಾಸೋಹದ ಒಲೆ

ದೀಪಕ್ಕಿಂತ ದೊಡ್ಡ ಖರ್ಚು ಒಲೆಯದು. ಗೋಧಿ ಹುಗ್ಗಿ, ಅನ್ನ, ಸಾರು ಸಾವಿರ ಮಂದಿಗೆ ಬೇಯಬೇಕು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಕಾವಿನ ಹತ್ತರಲ್ಲಿ ಒಂದು ಪಾಲು ಮಾತ್ರ ಪಾತ್ರೆಗೆ ಮುಟ್ಟುತ್ತದೆ. ಉಳಿದದ್ದು ಗಾಳಿಪಾಲು, ಹೊಗೆ ಅಡುಗೆಯವರ ಪಾಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರದವರು ಇದಕ್ಕೆಂದೇ ಅಸ್ತ್ರ ಒಲೆ ರೂಪಿಸಿದರು. ಕಡಿಮೆ ಸೌದೆ, ಕಡಿಮೆ ಹೊಗೆ. ಕನ್ನಡ ನಾಡಿನದೇ ವಿದ್ಯೆ. ಕಲಿಯಲು ಹಡಗು ಹತ್ತಬೇಕಿಲ್ಲ.

ಸಗಣಿಯ ಲೆಕ್ಕವೂ ಕೇಳಬೇಕಾದದ್ದೇ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿ ಹತ್ತಿರ ಕಟ್ಟಿದ ಶಿವಯೋಗಮಂದಿರದ ವಿಭೂತಿ ನಾಡಿಗೆಲ್ಲ ಹೆಸರಾದದ್ದು. ಸಗಣಿಯನ್ನು ಹಣೆಗೇರಿಸಿದ ಪರಂಪರೆ ನಮ್ಮದು. ಅದನ್ನೇ ಒಲೆಗೂ ಇಳಿಸಬಹುದು. ಸುಮಾರು 25 ಕಿಲೋ ಹಸಿ ಸಗಣಿಗೆ ಒಂದು ಘನ ಮೀಟರ್ ಅನಿಲ ಬರುತ್ತದೆ. 25 ದನಗಳ ಗೋಶಾಲೆಯಿದ್ದರೆ ದಿನಕ್ಕೆ ಹತ್ತು ಘನ ಮೀಟರ್. ಅಂದರೆ ನಾಲ್ಕೈದು ದಿನಕ್ಕೆ 19 ಕಿಲೋದ ಒಂದು ಸಿಲಿಂಡರ್ ಉಳಿದಂತೆ. ಮಿಕ್ಕ ರಾಡಿ ಹೊಲಕ್ಕೆ ಗೊಬ್ಬರ.

ದೇವರ ಅಡುಗೆಗೆ ಇದೆಲ್ಲ ಒಗ್ಗುತ್ತದೆಯೇ ಎಂದು ಯಾರಾದರೂ ಮೂಗೆಳೆದರೆ ಉತ್ತರ ಸಿದ್ಧವಿದೆ. ತಿರುಮಲದಲ್ಲಿ 2002ರಲ್ಲೇ ಬಿಸಿಲಿನ ಉಗಿಯಿಂದ ದಿನಕ್ಕೆ 15 ಸಾವಿರ ಜನರ ಅಡುಗೆ ಮಾಡುವ ವ್ಯವಸ್ಥೆ ಬಂದಿತ್ತು. ಶಿರಡಿಯಲ್ಲಿ 2009ರಲ್ಲಿ 73 ಕನ್ನಡಿ ಬುಟ್ಟಿಗಳನ್ನು ಪ್ರಸಾದಾಲಯದ ಮೇಲೆ ಕೂರಿಸಲಾಯಿತು. ತಿಮ್ಮಪ್ಪನಿಗೆ, ಸಾಯಿಬಾಬಾಗೆ ಒಪ್ಪಿದ್ದು ನಮ್ಮೂರ ದೇವರಿಗೆ ಒಪ್ಪದೇ?

ಶರೀಫಜ್ಜನ ಮಣ್ಣು

ಮಾತು ಒಂದೇ ಧರ್ಮದ್ದಲ್ಲ. 2015ರ ಜೂನಿನಲ್ಲಿ ಪೋಪ್ ಫ್ರಾನ್ಸಿಸ್ ಭೂಮಿಯನ್ನು ಕಾಪಾಡಿರೆಂದು ಇಡೀ ಲೋಕಕ್ಕೆ ಪತ್ರ ಬರೆದರು. ಅದೇ ವರ್ಷ ಆಗಸ್ಟಿನಲ್ಲಿ ಇಸ್ತಾಂಬುಲ್‌ನಲ್ಲಿ ಸೇರಿದ ಮುಸ್ಲಿಂ ವಿದ್ವಾಂಸರು ಕಲ್ಲಿದ್ದಲು, ಎಣ್ಣೆ ಬಿಟ್ಟು ಸೂರ್ಯ-ಗಾಳಿಗಳ ಶಕ್ತಿಗೆ ತಿರುಗಿರೆಂದು ಘೋಷಿಸಿದರು. ನೆರೆಯ ಗದುಗಿನಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿ ಕಪ್ಪತಗುಡ್ಡಕ್ಕಾಗಿ ಧರಣಿ ಕೂತರು. 2017ರಲ್ಲಿ ಸರಕಾರ ಗುಡ್ಡಕ್ಕೆ ರಕ್ಷಣೆ ಮರಳಿ ಕೊಟ್ಟಿತು. ಕೊಪ್ಪಳದ ಗವಿಮಠದ ಸ್ವಾಮೀಜಿ 2019ರಲ್ಲಿ ಹಿರೇಹಳ್ಳಕ್ಕೆ ತಾವೇ ಇಳಿದು ಹೂಳೆತ್ತಿಸಿದರು. ಕಾವಿಗೆ ಕೆಸರು ಮೆತ್ತಿತು. ಹಿಂದೆ ಸಾವಿರಾರು ಜನ ಬಂದರು.

ಶಿಗ್ಗಾವಿ ತಾಲ್ಲೂಕಿನ ಶಿಶುನಾಳವಂತೂ ಗೋವಿಂದ ಭಟ್ಟರನ್ನು ಗುರುವೆಂದ ಶರೀಫರ ಊರು. ಹಿಂದೂ, ಮುಸಲ್ಮಾನ ಇಬ್ಬರೂ ಅಲ್ಲಿ ಕೈಮುಗಿಯುತ್ತಾರೆ. ಗುಡಿಯ ಪಂಚರು, ಮಸೀದಿಯ ಜಮಾತಿನವರು, ಚರ್ಚಿನ ಸಭೆಯವರು ಒಂದೇ ಚಾಪೆಯ ಮೇಲೆ ಕೂತು ಮಾತಾಡಲು ಇದಕ್ಕಿಂತ ಒಳ್ಳೆಯ ಸೀಮೆ ಎಲ್ಲಿದೆ? ಹೆಸರಿನಲ್ಲೇ ಕೆರೆ ಇಟ್ಟುಕೊಂಡ ಹಿರೇಕೆರೂರಿನವರಿಗಂತೂ ಮಳೆ ತಪ್ಪಿದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ.

ಕೆಲಸ ದೊಡ್ಡದೇನಲ್ಲ. ಈ ಸಲ ಪಟ್ಟಿ ಎತ್ತಲು ಬಂದ ಕಮಿಟಿಯವರಿಗೆ ಅಂಗಡಿಯವರು ಒಂದೇ ಪ್ರಶ್ನೆ ಕೇಳಲಿ: "ಹೋದ ವರ್ಷದ ಕರೆಂಟ್ ಬಿಲ್ಲು ಎಷ್ಟ ಆತ್ರಿ? ಈ ವರ್ಷ ಎಷ್ಟ ಇಳಸ್ತೀರಿ?" ಬಿಲ್ಲನ್ನು ಗುಡಿಯ ಬಾಗಿಲಿಗೆ, ಮಸೀದಿಯ ನೋಟೀಸು ಬೋರ್ಡಿಗೆ ಅಂಟಿಸಲಿ. ಉಳಿದ ಹಣದಲ್ಲಿ ಮೊದಲ ವರ್ಷ ಎಲ್‌ಇಡಿ, ಮುಂದಿನ ವರ್ಷ ಒಲೆ, ಆಮೇಲೆ ಮಾಳಿಗೆಗೆ ಫಲಕ.

ಸವಣೂರಿನಲ್ಲಿ ಬಿದ್ದ ಮರ ಎತ್ತಲು ಕ್ರೇನು ಬೇಕಾಯಿತು. ಇದಕ್ಕೆ ಕ್ರೇನು ಬೇಡ. ಪೂಜೆ ಮುಗಿದ ಮೇಲೆ ಸ್ವಿಚ್ಚಿನತ್ತ ಹೋಗುವ ಒಂದು ಬೆರಳು ಸಾಕು.