ಸೋರದ ಹಂಚು, ಸೋರುವ ತಾರಸಿ

ಮಂಗಳೂರಿನ ತಾರಸಿ ಮನೆಗಳ ನೆತ್ತಿಯನ್ನೊಮ್ಮೆ ನೋಡಿ. ಕಾಂಕ್ರೀಟಿನ ಮೇಲೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ಇಳಿಜಾರಾದ ಶೀಟು. ಲಕ್ಷಗಟ್ಟಲೆ ಸುರಿದು ಸ್ಲ್ಯಾಬ್ ಹಾಕಿಸಿದವರೇ ಕೆಲವು ಮಳೆಗಾಲ ಕಳೆದ ಮೇಲೆ ಇನ್ನೊಂದು ಮಾಡು ಕಟ್ಟಿಸುತ್ತಾರೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವ ಊರಿದು. ಇಲ್ಲಿ ಇಳಿಜಾರನ್ನು ಬಿಟ್ಟುಕೊಟ್ಟದ್ದೇ ದೊಡ್ಡ ತಪ್ಪು ಎಂದು ನನ್ನ ಭಾವನೆ.

ಇಳಿಜಾರಿನ ವಿದ್ಯೆ ಈ ಊರಿಗೆ ಹೊಸತಲ್ಲ. ಒಂದರೊಳಗೊಂದು ಕೂರುವ ಹಂಚನ್ನು ಫ್ರಾನ್ಸಿನ ಆಲ್ಸೇಸ್ ಪ್ರಾಂತದ ಗಿಲಾರ್ದೋನಿ ಸಹೋದರರು 1841ರಲ್ಲಿ ರೂಪಿಸಿದ್ದರು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್‌ಸ್ಟ್ ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಇಲ್ಲಿನ ಜೇಡಿಮಣ್ಣು ಅದಕ್ಕೆ ಹೇಳಿ ಮಾಡಿಸಿದಂತಿತ್ತು.

ಒಂದು ಹಂಚನ್ನು ಕೈಗೆತ್ತಿಕೊಂಡು ನೋಡಿ. ಒಂದು ಬದಿಯ ಅಂಚಿನಲ್ಲಿ ಉದ್ದಕ್ಕೂ ಸಣ್ಣ ಕಾಲುವೆಯಿದೆ, ಇನ್ನೊಂದು ಬದಿಯಲ್ಲಿ ಕೆಳಕ್ಕೆ ಬಾಗಿದ ಏಣು. ಪಕ್ಕದ ಹಂಚಿನ ಏಣು ಈ ಕಾಲುವೆಯ ಮೇಲೆ ಬಂದು ಕೂರುತ್ತದೆ. ಗಾಳಿಗೆ ಸಿಕ್ಕಿದ ಮಳೆನೀರು ಸಂದಿಗೆ ನುಗ್ಗಿದರೂ ಕಾಲುವೆಗೇ ಬಿದ್ದು, ಕೆಳಸಾಲಿನ ಹಂಚಿನ ಬೆನ್ನಿಗೆ ಹರಿದುಹೋಗುತ್ತದೆ. ಹಂಚಿನ ಅಡಿಯಲ್ಲಿರುವ ಗುಬುಟು ರೀಪಿಗೆ ಆತುಕೊಂಡು ಜಾರದಂತೆ ಹಿಡಿಯುತ್ತದೆ. ಸುಟ್ಟ ಮಣ್ಣು ಒಂದಿಷ್ಟು ನೀರು ಕುಡಿಯುವುದೂ ಉಂಟು, ಆದರೆ ಅಡಿಯಲ್ಲಿ ಗಾಳಿಯಾಡುವುದರಿಂದ ಮಳೆ ಬಿಟ್ಟೊಡನೆ ಆರುತ್ತದೆ. ಹಂಚು ಒಡೆದರೆ ಕೆಳಗೆ ನಿಂತವರಿಗೇ ಬೆಳಕಿನ ಚುಕ್ಕೆ ಕಾಣುತ್ತದೆ, ಅದೊಂದನ್ನು ಬದಲಿಸಿದರಾಯಿತು. ಮಳೆಗಾಲದ ಹೊಸ್ತಿಲಲ್ಲಿ ಬರುವ ತುಳುವರ ಪತ್ತನಾಜೆಯ ಮೊದಲು ಹಂಚು ಕೈಯಾಡಿಸುವ ರೂಢಿಯ ಹಿಂದೆ ಇರುವುದು ಈ ಅನುಕೂಲವೇ.

ಸಮತಟ್ಟಾದ ತಾರಸಿಯಲ್ಲಿ ನೀರು ನಿಲ್ಲುತ್ತದೆ. ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುವ ಕಾಂಕ್ರೀಟಿನಲ್ಲಿ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಅಲ್ಲಿ ಇಳಿದ ನೀರು ಸ್ಲ್ಯಾಬಿನೊಳಗೆ ದಾರಿ ಹುಡುಕಿಕೊಂಡು ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ಹಾಗಾಗಿ ಒಳಗೆ ಕಲೆ ಕಂಡ ಜಾಗದ ನೇರ ಮೇಲೆ ಸಿಮೆಂಟು ಮೆತ್ತಿದರೆ ಬಹಳ ಸಲ ದುಡ್ಡು ದಂಡ. ಒಳಗಿನ ಸರಳಿಗೆ ತುಕ್ಕು ಹಿಡಿದರೆ ಕಷ್ಟ ಇನ್ನೂ ದೊಡ್ಡದು: ತುಕ್ಕಿಗೆ ಕಬ್ಬಿಣಕ್ಕಿಂತ ದುಪ್ಪಟ್ಟಿಗೂ ಹೆಚ್ಚು ಜಾಗ ಬೇಕು, ಆ ಒತ್ತಡಕ್ಕೆ ಕಾಂಕ್ರೀಟು ಹಕ್ಕಳೆಯೇಳುತ್ತದೆ. ಕಡಲ ಉಪ್ಪುಗಾಳಿ ತುಕ್ಕನ್ನು ಇನ್ನೂ ಬೇಗ ಹಿಡಿಸುತ್ತದೆ. ರಾಸಾಯನಿಕ ಬಳಿಸುವ ಮೊದಲು ತಾರಸಿಗೆ ಒಂದು ಬಕೆಟ್ ನೀರು ಚೆಲ್ಲಿ ಅದು ಎಲ್ಲಿ ನಿಲ್ಲುತ್ತದೆಂದು ನೋಡಿ. ನೀರು ಕೊಳವೆಯ ಬಾಯಿಗೆ ಓಡುವಂತೆ ಇಳಿಜಾರು ಮಾಡಿಸುವುದು ಮೊದಲ ಕೆಲಸ.

ಗೋಡೆಯ ಪಸೆಯ ಕಥೆ ಬೇರೆ. ಅಲ್ಲಿ ನೀರು ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಒಂದು ಮಿಲಿಮೀಟರ್ ಅಗಲದ ನಳಿಗೆಯಲ್ಲಿ ನೀರು ತಾನಾಗಿ ಸುಮಾರು 3 ಸೆಂಟಿಮೀಟರ್ ಏರಿದರೆ, ಅದರ ಹತ್ತನೇ ಒಂದರಷ್ಟು ಕಿರಿದಾದ ನಳಿಗೆಯಲ್ಲಿ 30 ಸೆಂಟಿಮೀಟರ್ ಏರುತ್ತದೆ. ನಮ್ಮ ಕೆಂಪುಕಲ್ಲಿನ ಮೈತುಂಬ ಇಂಥ ಸೂಕ್ಷ್ಮ ರಂಧ್ರಗಳು. ಗೋಡೆಗೆ ಉಸಿರಾಡಲು ಬಿಟ್ಟರೆ ಏರಿದ ನೀರು ಆವಿಯಾಗಿ ಹೋಗುತ್ತದೆ, ಸುಣ್ಣದ ಗಾರೆ ಅದಕ್ಕೆ ಅಡ್ಡಬರುವುದಿಲ್ಲ. ಗಟ್ಟಿ ಸಿಮೆಂಟು ಗಾರೆ, ಅದರ ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿದರೆ ನೀರು ಹೊರಹೋಗುವ ದಾರಿ ಕಾಣದೆ ಇನ್ನೂ ಮೇಲೇರುತ್ತದೆ. ಅದರಲ್ಲಿ ಕರಗಿದ ಉಪ್ಪು ಹರಳುಗಟ್ಟಿ ಬಣ್ಣವನ್ನು ಒಳಗಿನಿಂದ ಎಬ್ಬಿಸುತ್ತದೆ. ಬಣ್ಣದ ಮೇಲೆ ಬಣ್ಣ ಹೊಡೆಸುವುದಕ್ಕಿಂತ, ಗೋಡೆಯ ಹೊರಬುಡಕ್ಕೆ ಒರಗಿದ ಮಣ್ಣನ್ನು ತೆಗೆಸಿ ಮಾಡಿನ ನೀರು ದೂರ ಬೀಳುವಂತೆ ಮಾಡುವುದು ಲೇಸು.

ಪಸೆ ಗೋಡೆಯದೋ ಗಾಳಿಯದೋ ಎಂಬ ಅನುಮಾನವಿದ್ದರೆ, ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂದೆ ಹನಿ ಕಂಡರೆ ನೀರು ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆಯ ಮೈ ಒದ್ದೆಯಾದರೆ ಅದು ಮಳೆಗಾಲದ ಆಟಿ ತಿಂಗಳ ತೇವದ ಗಾಳಿ ತಣ್ಣನೆಯ ಗೋಡೆಗೆ ತಾಗಿ ನೀರಾದದ್ದು. ಆಗ ಗೋಡೆ ಅಗೆಸುವ ಖರ್ಚು ಬೇಡ: ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದು ಫ್ಯಾನ್ ತಿರುಗಿಸಿ, ಒದ್ದೆ ಬಟ್ಟೆಗಳನ್ನು ಕೋಣೆಯೊಳಗೆ ಹರಡಬೇಡಿ.