ಅಸಲು ಪತ್ರ, ನಕಲು ಪತ್ರ

ದೇವದುರ್ಗದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಬೇಸಗೆಯಲ್ಲಿ ಶಾಲೆಗೆ ಬಂದ. ಬಿ.ಕಾಂ. ಆದವನು, ದುಬೈಯ ಕಂಪೆನಿಯೊಂದು ಕೆಲಸ ಕೊಡಲು ಒಪ್ಪಿತ್ತು. "ಸರ್, ಸರ್ಟಿಫಿಕೇಟಿನಾಗ ನನ್ನ ಹೆಸರಿಗೆ ಡಬ್ಲ್ಯೂ ಅದ, ಪಾಸ್‌ಪೋರ್ಟಿನಾಗ ವಿ ಅದ. ಒಂದು ಅಕ್ಷರಕ್ಕ ಎಲ್ಲಾ ನಿಂತದ್ರಿ" ಎಂದ.

ನಮ್ಮ ರಾಯಚೂರು ಸೀಮೆಯಲ್ಲಿ ಬಸವ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಡಬ್ಲ್ಯೂ ಹಾಕುವ ರೂಢಿ ಬಹಳ. ಮೈಸೂರಿನ ಕಡೆ ವಿ. ಕನ್ನಡದ ವಕಾರವೇನೋ ಒಂದೇ. ಆದರೆ ಕಡಲಾಚೆಯ ಕಚೇರಿಯ ಗುಮಾಸ್ತನಿಗೆ ಅವರು ಇಬ್ಬರು ಬೇರೆ ಬೇರೆ ಮನುಷ್ಯರು!

ಹೊರದೇಶದಲ್ಲಿ ದುಡಿಯಹೊರಟವರು ಮೊದಲು ನೋಡತಕ್ಕದ್ದು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯನ್ನು. ಮುಂದಿನ ಪತ್ರಗಳೆಲ್ಲ ಅದರ ಹೆಸರನ್ನೇ ಅನುಸರಿಸಿ ಬರುತ್ತವೆ. ಪದವಿ ಇಲ್ಲದ ಚಾಲಕನಿಗೂ ಅದು ಬೇಕು. ಹತ್ತನೆಯ ತರಗತಿ ತೇರ್ಗಡೆಯಾದುದಕ್ಕೆ ಆಧಾರ ತೋರಿಸದಿದ್ದರೆ ಸಾಮಾನ್ಯವಾಗಿ ಪಾಸ್‌ಪೋರ್ಟಿನಲ್ಲಿ ವಲಸೆ ಅನುಮತಿ ಬೇಕೆಂಬ ಗುರುತು ಬೀಳುತ್ತದೆ. 1983ರ ವಲಸೆ ಕಾಯಿದೆಯಂತೆ ಕೊಲ್ಲಿಯ ಹಲವು ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಆ ಅನುಮತಿ ಪಡೆಯಬೇಕು. ಅಂಕಪಟ್ಟಿ ಕಳೆದಿದ್ದರೆ ಮಾನ್ವಿಯಲ್ಲಿ ಓದಿದವನು ಮಾನ್ವಿಯ ಶಾಲೆಗೇ ಹೋಗಬೇಕು. ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹೋದರೆ ಎರಡನೆಯ ಪ್ರತಿ ಬರುತ್ತದೆ. ಹೆಸರಿನ ತಿದ್ದುಪಡಿಗೂ ಆಧಾರ ಶಾಲೆಯ ದಾಖಲಾತಿ ಪುಸ್ತಕವೇ.

ಪದವಿಯ ವಿಷಯದಲ್ಲಿ ತೇರ್ಗಡೆಯಾದ ವರ್ಷ ಮುಖ್ಯ. ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ ಆರಂಭವಾಯಿತು. ಅದಕ್ಕೆ ಮುಂಚಿನವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವನ್ನು ಕೇಳಬೇಕು. ರಾಯಚೂರಿಗೆ ಈಚೆಗೆ ಸ್ವಂತ ವಿಶ್ವವಿದ್ಯಾಲಯ ಬಂದಿದೆಯೆಂದು ಹಳೆಯ ಪದವೀಧರರು ಅಲ್ಲಿಗೆ ಓಡಿದರೆ ಪ್ರಯೋಜನವಿಲ್ಲ. ಪರೀಕ್ಷೆ ಮಾಡಿದವರೇ ಪತ್ರ ಕೊಡುವವರು. ಇನ್ನೊಂದು ಮಾತು: ತಾತ್ಕಾಲಿಕ ಪ್ರಮಾಣಪತ್ರ ಕೈಯಲ್ಲಿದೆಯೆಂದು ಘಟಿಕೋತ್ಸವದ ಪತ್ರವನ್ನು ಪಡೆಯದೆ ಬಿಟ್ಟವರು ನಮ್ಮಲ್ಲಿ ಎಷ್ಟು ಮಂದಿ! ವಿದೇಶದವರು ಕೇಳುವುದು ಅದನ್ನೇ.

ಪತ್ರ ಸಿಕ್ಕಮೇಲೆ ಮುದ್ರೆಗಳ ಸರದಿ. ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ಕೇಂದ್ರದ ವಿದೇಶಾಂಗ ಇಲಾಖೆಯದು. ಒಬ್ಬರ ಸಹಿ ನಿಜವೆಂದು ಮುಂದಿನವರು ಹೇಳುತ್ತಾರೆ, ಅಷ್ಟೇ. ನಮ್ಮ ವಿದ್ಯೆಯನ್ನು ಯಾರೂ ಅಳೆಯುವುದಿಲ್ಲ. 1961ರ ಹೇಗ್ ಒಪ್ಪಂದ ಭಾರತಕ್ಕೆ ಅನ್ವಯವಾದದ್ದು 2005ರಲ್ಲಿ. ಆ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ವಿದೇಶಾಂಗ ಇಲಾಖೆಯ ಅಪೋಸ್ಟಿಲ್ ಎಂಬ ಚೀಟಿಯೇ ಸಾಕು. ಒಮಾನ್, ಬಹ್ರೈನ್ ಸೇರಿವೆ. ಸೌದಿ ಅರೇಬಿಯಾ 2022ರಲ್ಲಿ ಸೇರಿತು. ದುಬೈ ಇರುವ ಸಂಯುಕ್ತ ಅರಬ್ ಸಂಸ್ಥಾನ ಸೇರಿಲ್ಲ. ಆದ್ದರಿಂದ ಅಲ್ಲಿಗೆ ಹೋಗುವವರು ಆ ದೇಶದ ರಾಯಭಾರ ಕಚೇರಿಯ ಮುದ್ರೆಯನ್ನೂ ಪಡೆಯಬೇಕು.

ಅಸಲು, ನಕಲು ಎರಡೂ ಅರಬ್ಬಿಯಿಂದ ಬಂದ ಮಾತುಗಳು. ನಿಜಾಮರ ಕಾಲದ ಕಚೇರಿಗಳಲ್ಲಿ ಬೆಳೆದ ನಮ್ಮ ಹಿರಿಯರಿಗೆ ಇವುಗಳ ಅಂತರ ಚೆನ್ನಾಗಿ ಗೊತ್ತಿತ್ತು. ಅಸಲನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಈಗಿನವರು ಏಜೆಂಟನ ಕೈಗೆ ಇಡೀ ಕಟ್ಟನ್ನು ಕೊಟ್ಟು ಬರುತ್ತಾರೆ, ಒಂದು ರಸೀದಿಯೂ ಇಲ್ಲದೆ! ಮುದ್ರೆಗೆಂದು ಅಸಲು ಕೈಬಿಡಲೇಬೇಕಾದೀತು. ಆಗ ಪತ್ರಗಳ ಹೆಸರು, ಸಂಖ್ಯೆ ಬರೆದ ರಸೀದಿ ಪಡೆಯಿರಿ. ಕಾಲೇಜುಗಳೂ ಶುಲ್ಕದ ನೆಪದಿಂದ ಅಸಲು ಪತ್ರ ಹಿಡಿದಿಡಕೂಡದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ.

ನನ್ನ ವಿದ್ಯಾರ್ಥಿಗೆ ಶಾಲೆಯ ಪುಸ್ತಕ ತೆಗೆದು ತೋರಿಸಿದೆ. ಅಲ್ಲಿಯೂ ಡಬ್ಲ್ಯೂ. ಪಾಸ್‌ಪೋರ್ಟಿನ ಅರ್ಜಿ ತುಂಬಿದವನು ತನಗೆ ತೋಚಿದಂತೆ ವಿ ಬರೆದಿದ್ದ. ಹುಡುಗ ಓದಿ ನೋಡದೆ ಸಹಿ ಹಾಕಿದ್ದ. ಅಷ್ಟು ಪತ್ರಗಳನ್ನು ತಿದ್ದಿಸುವ ಬದಲು ಪಾಸ್‌ಪೋರ್ಟನ್ನೇ ತಿದ್ದಿಸಿದೆವು. ಹೊಸದು ಬರುವಷ್ಟರಲ್ಲಿ ದುಬೈಯ ಆ ಕೆಲಸ ಬೇರೆಯವನ ಪಾಲಾಗಿತ್ತು. ಅವನೀಗ ಮಸ್ಕತ್ತಿನಲ್ಲಿದ್ದಾನೆ.