ಟಕ್ ಟಕ್ ಅಂದ ಮಾತ್ರಕ್ಕೆ ಗೇರ್‌ಬಾಕ್ಸ್ ಹೋಯ್ತು ಅಂತಲ್ಲ!

ಹಳೇ ಕಾರಿನಲ್ಲಿ ಹೊಸ ಸದ್ದು ಕೇಳಿಸಿದರೆ ನಾವು ಮಾಡುವ ಮೊದಲ ಕೆಲಸ, ಹಾಡಿನ ವಾಲ್ಯೂಮ್ ಜಾಸ್ತಿ ಮಾಡೋದು. ಎರಡನೇದು, ಮೊದಲು ಸಿಕ್ಕ ಗ್ಯಾರೇಜಿನವರು ಹೇಳಿದ್ದನ್ನು ನಂಬಿ ದುಡ್ಡು ಎಣಿಸೋದು. ಇವೆರಡರ ಮಧ್ಯೆ ಹತ್ತು ನಿಮಿಷದ ಒಂದು ಕೆಲಸ ಇದೆ. ಸದ್ದು ಯಾವಾಗ ಬರುತ್ತೆ, ಯಾವಾಗ ನಿಲ್ಲುತ್ತೆ ಅಂತ ಕಿವಿಗೊಟ್ಟು ಕೇಳೋದು. ಅದಕ್ಕೆ ಖರ್ಚಿಲ್ಲ.

ಕುಂದಗೋಳ ತಾಲ್ಲೂಕಿನ ಕುಬಿಹಾಳದಲ್ಲಿ ನಮ್ಮ ಕಾಕಾನ ಮಗನ ಹತ್ತಿರ ಇಪ್ಪತ್ತು ವರ್ಷ ದಾಟಿದ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರಿದೆ. ಮುಂದಿನ ಚಕ್ರಕ್ಕೆ ಶಕ್ತಿ ಹೋಗುವ, ಕೈಯಲ್ಲೇ ಗೇರ್ ಹಾಕುವ ಗಾಡಿ. ಕೆಲವು ವಾರದಿಂದ ತಿರುವಿನಲ್ಲಿ ಟಕ್ ಟಕ್ ಅನ್ನುತ್ತಿತ್ತು. ಒಂದು ದಿನ ಹೊಲದ ದಾರಿಯಿಂದ ಡಾಂಬರಿಗೆ ಹತ್ತುವಾಗ ‘ಢಬ್’ ಎಂದು ನಿಂತೇಬಿಟ್ಟಿತು. ಫೋನ್ ಬಂತು.

“ತಮ್ಮಾ, ಕ್ಲಚ್ ಹೋಗೇತಿ ಅಂತಾರ. ಗೇರ್‌ಬಾಕ್ಸ್ ಇಳಸಬೇಕಂತ.”

“ಅಣ್ಣಾ, ಗೇರ್ ಹಾಕಿ ಕ್ಲಚ್ ಬಿಟ್ಟಾಗ ಸ್ಪೀಡೋಮೀಟರ್ ಮುಳ್ಳು ಏಳತೈತೇನು?”

“ಏಳತೈತಿ. ಗಾಡಿ ಮಾತ್ರ ನಿಂತಲ್ಲೇ ಐತಿ.”

“ಹಂಗಾದ್ರ ಕ್ಲಚ್ ಅಲ್ಲ ಬಿಡು. ಮೊದಲು ಹ್ಯಾಂಡ್‌ಬ್ರೇಕ್ ಎಳಿ, ಗಾಲಿಗೆ ಕಲ್ಲು ಕೊಡು.”

ಮುಳ್ಳು ಹೇಳುವ ಕಥೆ

ಹಳೇ ಕಾರುಗಳಲ್ಲಿ ಸ್ಪೀಡೋಮೀಟರಿನ ಕೇಬಲ್ ಸಾಮಾನ್ಯವಾಗಿ ಗೇರ್‌ಬಾಕ್ಸಿನಿಂದ ಬರುತ್ತದೆ. ಕ್ಲಚ್ ಪೂರ್ತಿ ಜಾರುತ್ತಿದ್ದರೆ ಎಂಜಿನ್ ಕೂಗುತ್ತದೆ, ಗೇರ್‌ಬಾಕ್ಸಿನ ಒಳಗೆ ಏನೂ ತಿರುಗುವುದಿಲ್ಲ, ಮುಳ್ಳು ಸೊನ್ನೆಯಲ್ಲೇ ಇರುತ್ತದೆ. ಮುಳ್ಳು ಏಳುತ್ತಿದೆ, ಗಾಡಿ ಕದಲುತ್ತಿಲ್ಲ ಅಂದರೆ ಶಕ್ತಿ ಗೇರ್‌ಬಾಕ್ಸ್ ದಾಟಿ ಬಂದು, ಚಕ್ರ ಮುಟ್ಟುವ ಮೊದಲು ಎಲ್ಲೋ ಸೋರಿ ಹೋಗುತ್ತಿದೆ. ಅಲ್ಲಿರುವುದು ಆ್ಯಕ್ಸಲ್ ಮತ್ತು ಅದರ ಎರಡು ತುದಿಯ ಸಿ.ವಿ. ಜಾಯಿಂಟುಗಳು. ಚಕ್ರದಿಂದ ವೇಗ ಓದುವ ಹೊಸ ಕಾರುಗಳಿಗೆ ಈ ಪರೀಕ್ಷೆ ನಡೆಯೋದಿಲ್ಲ.

ಒಂದೇ ಕಡೆಯ ಆ್ಯಕ್ಸಲ್ ಮುರಿದರೂ ಗಾಡಿ ಯಾಕೆ ನಿಲ್ಲಬೇಕು? ಡಿಫರೆನ್ಷಿಯಲ್‌ನ ಸ್ವಭಾವವೇ ಹಾಗೆ. ಎರಡು ಕಡೆಗಳಲ್ಲಿ ಯಾವುದು ಸಲೀಸಾಗಿ ತಿರುಗುತ್ತದೋ ಆ ಕಡೆ ತಿರುಗಿಬಿಡುತ್ತದೆ. ಮುರಿದ ಕಡೆಗೆ ತಡೆಯೇ ಇಲ್ಲ, ಹಾಗಾಗಿ ಗಟ್ಟಿ ಇರುವ ಚಕ್ರಕ್ಕೆ ಏನೂ ಸಿಗುವುದಿಲ್ಲ.

ಇದರಲ್ಲೇ ಒಂದು ಅಪಾಯವೂ ಇದೆ. ಇಳಿಜಾರಿನಲ್ಲಿ ಗಾಡಿಯನ್ನು ಗೇರಿನಲ್ಲಿ ಬಿಟ್ಟು ಇಳಿಯೋದು ನಮ್ಮಲ್ಲಿ ಹಲವರ ರೂಢಿ. ಆ್ಯಕ್ಸಲ್ ಮುರಿದ ಕಾರನ್ನು ಗೇರ್ ಹಿಡಿದು ನಿಲ್ಲಿಸೋದಿಲ್ಲ. ಆಟೊಮ್ಯಾಟಿಕ್ ಕಾರಿನ ‘ಪಾರ್ಕ್’ ಕೂಡ ಹಿಡಿಯೋದಿಲ್ಲ. ಹ್ಯಾಂಡ್‌ಬ್ರೇಕ್ ಮತ್ತು ಗಾಲಿಗೆ ಕೊಟ್ಟ ಕಲ್ಲು, ಇವೆರಡೇ ದಿಕ್ಕು. ಕಾರಿನ ಕೆಳಗೆ ಬಗ್ಗಿ ನೋಡುವ ಮೊದಲು ಇದು ನೆನಪಿರಲಿ.

ಆರು ಗುಂಡುಗಳ ಜಾಣತನ

ಮುಂದಿನ ಚಕ್ರ ಮೂರು ಕೆಲಸ ಒಟ್ಟಿಗೆ ಮಾಡಬೇಕು: ಎಂಜಿನ್ನಿನ ಶಕ್ತಿಗೆ ಉರುಳಬೇಕು, ಸ್ಟಿಯರಿಂಗ್ ಹೇಳಿದ ಕಡೆ ಹೊರಳಬೇಕು, ಗುಂಡಿ ಬಂದರೆ ಮೇಲೆ ಕೆಳಗೆ ಆಡಬೇಕು. ನೆಟ್ಟನೆಯ ಸಲಾಕೆಯಿಂದ ಇದು ಆಗದು. ಎರಡು ಕವಲು, ನಡುವೆ ಶಿಲುಬೆಯಾಕಾರದ ಕೊಂಡಿ ಇರುವ ಹಳೇ ಜಾಯಿಂಟಿನಲ್ಲಿ ಇನ್ನೊಂದು ತೊಂದರೆ ಇತ್ತು. ಕೋನ ಹೆಚ್ಚಾದಂತೆ ಒಂದೇ ಸುತ್ತಿನಲ್ಲಿ ಎರಡು ಸಲ ವೇಗ ಏರಿಳಿದು ಗಾಡಿ ಅದುರುತ್ತಿತ್ತು.

1920ರ ದಶಕದಲ್ಲಿ ಆಲ್ಫ್ರೆಡ್ ರ್‍ಜೆಪ್ಪಾ ಎಂಬ ಎಂಜಿನಿಯರ್ ಇದಕ್ಕೆ ಉತ್ತರ ಹುಡುಕಿದರು. ಬಟ್ಟಲಿನಂಥ ಹೊರ ಭಾಗ, ಅದರೊಳಗೆ ಇನ್ನೊಂದು ಗುಂಡನೆಯ ಭಾಗ, ನಡುವಿನ ಗಾಡಿಗಳಲ್ಲಿ ಉಕ್ಕಿನ ಗುಂಡುಗಳು. ಈಗಿನ ಜಾಯಿಂಟುಗಳಲ್ಲಿ ಸಾಮಾನ್ಯವಾಗಿ ಆರು. ಎಷ್ಟೇ ಕೋನದಲ್ಲಿ ಬಾಗಿದರೂ ಗುಂಡುಗಳು ಆ ಕೋನವನ್ನು ಸರಿಯಾಗಿ ಅರ್ಧಕ್ಕೆ ಸೀಳುವ ಜಾಗದಲ್ಲೇ ನಿಲ್ಲುವುದರಿಂದ ಎರಡೂ ಕಡೆ ವೇಗ ಒಂದೇ. 1959ರ ಬ್ರಿಟನ್ನಿನ ಮಿನಿ ಕಾರು ಈ ಜಾಯಿಂಟನ್ನು ಜನಸಾಮಾನ್ಯರ ರಸ್ತೆಗೆ ತಂದಿತು. ನಮ್ಮಲ್ಲಿ ಅಂಬಾಸಡರ್, ಪದ್ಮಿನಿ ಎರಡೂ ಹಿಂದಿನ ಚಕ್ರದಿಂದ ಓಡುವ ಗಾಡಿಗಳು. 1983ರಲ್ಲಿ ಮಾರುತಿ 800 ಬಂದ ಮೇಲೆ ಸಿ.ವಿ. ಜಾಯಿಂಟ್ ಊರೂರಿನ ಮೆಕ್ಯಾನಿಕ್‌ಗಳ ಮಾತಾಯಿತು.

ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚದೆ ಹೊಲಕ್ಕೆ ಹೂಡುತ್ತಿರಲಿಲ್ಲ ನಮ್ಮ ಹಿರಿಯರು. ಕಾರಿನ ಜಾಯಿಂಟಿಗೂ ಅದೇ ನ್ಯಾಯ. ಅದರ ಗ್ರೀಸನ್ನು ಕಾಪಾಡೋದು ಮಡಿಕೆ ಮಡಿಕೆಯ ಒಂದು ರಬ್ಬರ್ ಬೂಟ್. ವಯಸ್ಸಾದಂತೆ ರಬ್ಬರ್ ಸೀಳುತ್ತದೆ, ಗ್ರೀಸ್ ಹೊರಗೆ ಸಿಡಿಯುತ್ತದೆ, ಧೂಳು ನೀರು ಒಳಗೆ ಹೋಗುತ್ತದೆ. ಕುಬಿಹಾಳದಂಥ ಎರಿ ನೆಲದಲ್ಲಿ ಮಳೆಗಾಲದ ಕೆಸರು ಗಾಲಿಗೆ ಅಂಟಿದರೆ ಸುಲಭಕ್ಕೆ ಬಿಡುವುದಿಲ್ಲ. ಅದು ಹರಿದ ಬೂಟಿನೊಳಗೆ ಸೇರಿದರೆ ಗ್ರೀಸ್ ಇದ್ದ ಜಾಗದಲ್ಲಿ ಮರಳುಕಾಗದ ಇಟ್ಟ ಹಾಗೆ.

ಸದ್ದನ್ನು ಹೀಗೆ ಓದಿ

ಸಾಫ್ಟ್‌ವೇರ್‌ನಲ್ಲಿ ಬಗ್ ಹುಡುಕುವವರಿಗೆ ಈ ಕ್ರಮ ಗೊತ್ತೇ ಇದೆ: ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಖಾಲಿ ಮೈದಾನ ಹುಡುಕಿ, ಕಿಟಕಿ ಇಳಿಸಿ, ಹಾಡು ಆರಿಸಿ.

• ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಮೊದಲ ಗೇರಿನಲ್ಲಿ ನಿಧಾನಕ್ಕೆ ಸುತ್ತು ಹಾಕಿದಾಗ ಟಕ್ ಟಕ್ ಬಂದು, ವೇಗದ ಜೊತೆ ಚುರುಕಾದರೆ: ಚಕ್ರದ ಕಡೆಯ ಹೊರ ಜಾಯಿಂಟ್. ಎಡಕ್ಕೆ ತಿರುಗಿಸಿದಾಗ ಜೋರಾದರೆ ಹೆಚ್ಚಾಗಿ ಬಲಗಡೆಯದು, ಬಲಕ್ಕೆ ಆದರೆ ಎಡಗಡೆಯದು.

• ನೇರ ರಸ್ತೆಯಲ್ಲಿ ಆ್ಯಕ್ಸಿಲರೇಟರ್ ಒತ್ತಿದಾಗ ಗಾಡಿ ಅದುರಿ, ಕಾಲು ತೆಗೆದರೆ ಶಾಂತವಾದರೆ: ಗೇರ್‌ಬಾಕ್ಸ್ ಕಡೆಯ ಒಳ ಜಾಯಿಂಟ್.

• ವೇಗದ ಜೊತೆ ಏರುವ ‘ಹೂಂ’ ಸದ್ದು, ಕ್ಲಚ್ ಒತ್ತಿದರೂ ಹೋಗದೆ ತಿರುವಿನಲ್ಲಿ ಬದಲಾದರೆ: ಚಕ್ರದ ಬೇರಿಂಗ್. ರಸ್ತೆ ಬದಲಾದ ಕೂಡಲೇ ಸದ್ದೂ ಬದಲಾದರೆ ಟೈರ್ ನೋಡಿ.

• ಯಾವುದೋ ಒಂದೇ ಗೇರಿನಲ್ಲಿ ಮಾತ್ರ ಕೊರೆಯುವ ಸದ್ದು: ಗೇರ್‌ಬಾಕ್ಸ್ ಮೇಲೆ ಅನುಮಾನಪಡಲು ಆಗ ಕಾರಣವಿದೆ.

• ಕ್ಲಚ್ ಬಿಟ್ಟ ಕ್ಷಣ ಒಂದೇ ಸಲ ‘ಢಕ್’: ಎಂಜಿನ್ ಮೌಂಟಿಂಗ್ ಮೊದಲು ನೋಡಿಸಿ.

• ಗುಂಡಿಯಲ್ಲಿ ಮಾತ್ರ ‘ಕಟ ಕಟ’: ಸಸ್ಪೆನ್ಷನ್, ಆ್ಯಕ್ಸಲ್ ಅಲ್ಲ.

ಹಿಂದಿನ ಚಕ್ರದಿಂದ ಓಡುವ ಸ್ಪೋರ್ಟ್ಸ್ ಕಾರುಗಳಲ್ಲಿ ಲೆಕ್ಕ ಸ್ವಲ್ಪ ಬೇರೆ. ಮಾಜ್ಡಾ ಎಂಎಕ್ಸ್-5ನಂಥ ಕಾರಿನಲ್ಲಿ ಸಿ.ವಿ. ಜಾಯಿಂಟ್ ಹಿಂದೆ ಇರುತ್ತದೆ, ಸ್ಟಿಯರಿಂಗ್ ತಿರುಗಿಸೋದಕ್ಕೂ ಸದ್ದಿಗೂ ನೇರ ಸಂಬಂಧ ಇರುವುದಿಲ್ಲ.

ಸದ್ದಿನ ಜೊತೆಗೆ ಕಣ್ಣಿಗೆ ಸಿಗುವ ಸಾಕ್ಷಿಯೂ ಇದೆ. ಚಕ್ರದ ಒಳಬದಿಯಲ್ಲಿ, ಸುತ್ತಲಿನ ತಗಡಿನ ಮೇಲೆ ಕಪ್ಪು ಗ್ರೀಸ್ ಸಾಲಾಗಿ ಸಿಡಿದಿದ್ದರೆ ಬೂಟ್ ಹರಿದಿದೆ ಅಂತಲೇ ಅರ್ಥ. ಅಣ್ಣನ ಕಾರಿನ ಎಡಗಡೆ ಹಾಗೇ ಇತ್ತು. ಬಿಚ್ಚಿದಾಗ ಹೊರ ಜಾಯಿಂಟಿನಲ್ಲಿ ಗುಂಡುಗಳನ್ನು ಹಿಡಿದಿಡುವ ಪಂಜರವೇ ಚೂರಾಗಿತ್ತು. ಗೇರ್‌ಬಾಕ್ಸ್, ಕ್ಲಚ್ ಎರಡೂ ಸರಿಯಾಗಿದ್ದವು.

ರಿಪೇರಿಗೆ ಮೊದಲು

ಮುರಿದ ಆ್ಯಕ್ಸಲ್ ಇರುವ ಗಾಡಿಯನ್ನು ಹಗ್ಗ ಕಟ್ಟಿ ಎಳೆಯಬೇಡಿ. ತೂಗಾಡುವ ಸಲಾಕೆ ಬ್ರೇಕ್ ಪೈಪಿಗೋ ಗೇರ್‌ಬಾಕ್ಸಿನ ಆಯಿಲ್ ಸೀಲಿಗೋ ಬಡಿದರೆ ಖರ್ಚು ಹೆಚ್ಚುತ್ತದೆ. ಆ ಚಕ್ರಗಳನ್ನು ಎತ್ತಿ ಸಾಗಿಸುವ ಗಾಡಿ ಕರೆಸಿ.

ಹಳೇ ಸ್ಪೋರ್ಟ್ಸ್ ಕಾರಿಗೆ ಬಿಡಿಭಾಗ ಸಿಗೋದೇ ದೊಡ್ಡ ತಲೆನೋವು. ಆದರೆ ಕಡಿಮೆ ಸಂಖ್ಯೆಯಲ್ಲಿ ತಯಾರಾದ ಕಾರುಗಳು ಬೇರೆ ಕಾರುಗಳ ಭಾಗಗಳನ್ನು ಬಳಸೋದು ಸಾಮಾನ್ಯ. ನಮ್ಮ ನೆರೆಯ ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್‌ನ ಎಂಜಿನ್ ರೆನೋ ಕಂಪನಿಯದು. ಹಾಗಾಗಿ ಕಾರಿನ ಹೆಸರು ಹೇಳಿ “ಇಲ್ಲ” ಅನ್ನಿಸಿಕೊಂಡು ಬರುವ ಬದಲು ಹಳೇ ಆ್ಯಕ್ಸಲನ್ನೇ ಹುಬ್ಬಳ್ಳಿಯ ಅಂಗಡಿಗೆ ಒಯ್ಯಿರಿ. ಉದ್ದ, ತುದಿಯ ಹಲ್ಲುಗಳ ಎಣಿಕೆ, ಎಬಿಎಸ್ ರಿಂಗ್ ಇದ್ದರೆ ಅದೂ ತಾಳೆಯಾಗಬೇಕು.

ಜೋಡಿಸುವಾಗ ಮೂರು ಮಾತು ಕೇಳಿ. ಆ್ಯಕ್ಸಲ್ ನಟ್ ಹೊಸದೇ? ಕಂಪನಿ ಹೇಳಿದ ಬಿಗಿಗೆ ಟಾರ್ಕ್ ರೆಂಚ್ ಬಳಸಿದ್ದಾರಾ? ಹಾಕಿದ್ದು ಸಿ.ವಿ. ಜಾಯಿಂಟಿನದೇ ಕಪ್ಪು ಮಾಲಿಬ್ಡಿನಂ ಗ್ರೀಸಾ, ಇಲ್ಲಾ ಡಬ್ಬಿಯಲ್ಲಿದ್ದ ಯಾವುದೋ ಗ್ರೀಸಾ? ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸಿದ್ದರೆ ಜಾಯಿಂಟ್ ಸದಾ ಬಾಗಿಯೇ ಓಡುತ್ತದೆ, ಹೊಸದೂ ಬೇಗ ಸವೆಯುತ್ತದೆ.

ಬೂಟ್ ಸೀಳಿದ್ದು ಸದ್ದು ಶುರುವಾಗುವ ಮೊದಲೇ ಕಂಡರೆ ಬೂಟ್ ಮತ್ತು ಗ್ರೀಸ್ ಬದಲಿಸಿ ಜಾಯಿಂಟ್ ಉಳಿಸಿಕೊಳ್ಳಬಹುದು. ಟಕ್ ಟಕ್ ಶುರುವಾದ ಮೇಲೆ ಹೊಸ ಗ್ರೀಸ್ ತುಂಬಿದರೆ ಸದ್ದು ಕೆಲವು ದಿನ ಮುಚ್ಚಿಹೋಗುತ್ತದೆ, ಸವೆದ ಉಕ್ಕು ತಿರುಗಿ ಬರೋದಿಲ್ಲ. ಮುಂದಿನ ಸಲ ಟೈರಿಗೆ ಗಾಳಿ ಹಿಡಿಸುವಾಗ ಮೊಬೈಲ್ ಟಾರ್ಚ್ ಹಾಕಿ ಚಕ್ರದ ಒಳಬದಿ ಒಮ್ಮೆ ನೋಡಿ. ಒಂದು ಕಡೆಗೆ ಅರ್ಧ ನಿಮಿಷ ಸಾಕು.